ಪುಟ್ಟಿ ಅತ್ತೆ ಹತ್ರ ಇದ್ದಾಳೆ

"ಇನ್ನೊಂದ್ಸಲ ಹಾಕಿ," ಎಂದಳು ಕಡ್ಡಿ.

ಹಲ್ಲಿನ ಡಾಕ್ಟರ ಉಸ್ಸೆಂದು ಉಸಿರು ಬಿಟ್ಟು ಫೋನಿನ ಮೇಲೆ ಬೆರಳೊತ್ತಿದ. ಅವನ ಹೆಂಡತಿಯ ದನಿ ವಿಮಾನ ನಿಲ್ದಾಣದ ಆ ಸಣ್ಣ ಕೋಣೆಯೊಳಗೆ ಮತ್ತೆ ಕೇಳಿಸಿತು.

"ರೀ, ಪುಟ್ಟಿ ಅತ್ತೆ ಹತ್ರ ಇದ್ದಾಳೆ. ಗಾಬರಿ ಆಗ್ಬೇಡಿ. ನನ್ನ ದಾರಿ ಕಾಯ್ಬೇಡಿ."

ಅಷ್ಟೇ. ಹಿಂದೆ ನೀರು ಸುರಿಯುವ ಸದ್ದು, ಯಾವುದೋ ಬಸ್ಸಿನ ಹಾರನ್ನು, ಒಂದು ಮಗುವಿನ ಕಿಲಕಿಲ ನಗು. ಮಧ್ಯಾಹ್ನ ಬಂದ ಮಾತು ಅದು. ಆಮೇಲೆ ಅವಳ ಫೋನು ಸತ್ತುಹೋಗಿತ್ತು.

ಬೆಳಿಗ್ಗೆ ಒಂದು ವಿಮಾನದಿಂದ ಇಳಿದು ಸಂಜೆ ಇನ್ನೊಂದನ್ನು ಹತ್ತಬೇಕಿದ್ದ ಕುಟುಂಬ, ನಡುವಿನ ಹೊತ್ತಿನಲ್ಲಿ ಊರು ನೋಡಿಬರಲು ಹೋಗಿತ್ತು. ಹೋದವರು ನಾಲ್ವರು, ಮರಳಿದವರು ಇಬ್ಬರು, ಡಾಕ್ಟರ ಮತ್ತು ಅವನ ತಾಯಿ. ಸೊಸೆಯೂ ಇಲ್ಲ, ನಾಲ್ಕು ವರ್ಷದ ಪುಟ್ಟಿಯೂ ಇಲ್ಲ.

ಕಡ್ಡಿ ವಿಮಾನ ಕಂಪನಿಯ ತನಿಖೆಯವಳು. ಮೈಯೂ ಕಡ್ಡಿ, ಮಾತೂ ಕಡ್ಡಿ ತುಂಡು ಮಾಡಿದ ಹಾಗೆ, ಹಾಗಾಗಿ ಹೆಸರಿಟ್ಟವರು ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಕಳೆದ ಸೂಟ್‌ಕೇಸು, ಕದ್ದ ಲ್ಯಾಪ್‌ಟಾಪು, ಸೀಟಿನ ಕೆಳಗೆ ಸಿಕ್ಕ ಹಲ್ಲಿನ ಸೆಟ್ಟು, ಇವುಗಳ ಮಧ್ಯೆ ಅವಳ ತಲೆಗೂದಲು ಬೆಳ್ಳಗಾಗಿತ್ತು. ಆದರೆ ಕಳೆದದ್ದು ಮಗುವಾದರೆ ಅವಳು ಇವತ್ತಿಗೂ ಅದು ಸಿಗುವವರೆಗೆ ಮನೆಗೆ ಹೋಗುತ್ತಿರಲಿಲ್ಲ. ಯಾಕೆಂದು ಯಾರಿಗೂ ಹೇಳುತ್ತಿರಲಿಲ್ಲ.

"ಅತ್ತೆ ಅಂದ್ರೆ ಯಾರು?" ಎಂದು ಕೇಳಿದಳು.

"ಇನ್ಯಾರು? ಅಮ್ಮ," ಎಂದು ಹಲ್ಲಿನ ಡಾಕ್ಟರ ಪಕ್ಕದ ಕುರ್ಚಿಯತ್ತ ಗಲ್ಲ ಎತ್ತಿ ತೋರಿಸಿದ. "ಪೊಲೀಸರಿಗೂ ಅದನ್ನೇ ಹೇಳಿದೆ. ನನ್ನ ಹೆಂಡ್ತಿ ಮಗೂನ ಅಮ್ಮನ ಕೈಗೆ ಕೊಟ್ಟಿದ್ದಾಳೆ. ಅಮ್ಮನಿಗೆ ವಯಸ್ಸಾಯ್ತು, ಎಲ್ಲಿ ಬಿಟ್ರೋ ಏನೋ, ನೆನಪಿರಲ್ಲ."

"ನಾನ್ಯಾಕೋ ಬಿಡ್ಲಿ!" ಎಂದು ತಾಯಿ ಉರಿದು ಬಿದ್ದಳು. "ಮಗು ನನ್ನ ಕೈಗೆ ಬರ್ಲೇ ಇಲ್ಲ ಅಂತ ಎಷ್ಟು ಸಲ ಬಡ್ಕೊಳ್ಲಿ? ಅವಳದ್ದೆಲ್ಲ ನಾಟಕ. ವಿಮಾನ ಹೊರಡೋ ಹೊತ್ತಿಗೆ ಮುಖ ಊದಿಸ್ಕೊಂಡು ಬರ್ತಾಳೆ ನೋಡ್ತಿರಿ."

ಕಡ್ಡಿ ಇಬ್ಬರನ್ನೂ ನೋಡಿದಳು. ಕೌಂಟರಿನ ಹಿಂದಿದ್ದ ಆ ಕೋಣೆಯಲ್ಲಿ ಚಕ್ರ ಮುರಿದ ಪೆಟ್ಟಿಗೆಗಳೂ ವಾರಸುದಾರರಿಲ್ಲದ ಒಂದು ತಳ್ಳುಗಾಡಿಯೂ ಗೋಡೆಗೊರಗಿದ್ದವು. ಅವುಗಳ ನಡುವೆ ಈ ತಾಯಿ ಮಗ ಹೊಸದಾಗಿ ಬಂದ ಎರಡು ಸಾಮಾನಿನ ಹಾಗೆ ಕುಳಿತಿದ್ದರು. ಮಗಳನ್ನು ಕಳೆದುಕೊಂಡ ಅಪ್ಪ ಮಾತಿಗೊಮ್ಮೆ ಎದೆಯ ಜೇಬು ಮುಟ್ಟಿಕೊಳ್ಳುತ್ತಿದ್ದ. ಎದೆನೋವಲ್ಲ, ಅಲ್ಲಿ ಬೋರ್ಡಿಂಗ್ ಪಾಸು ಇತ್ತು.

"ಈ ಊರು ನೋಡೋ ಯೋಚನೆ ಯಾರದ್ದು?"

ಆ ಪ್ರಶ್ನೆಗೆ ಅವನ ಮುಖ ಅರಳಿತು. ಇಂಥ ಹೊತ್ತಿನಲ್ಲೂ ಅರಳಿತು ಎಂಬುದನ್ನು ಕಡ್ಡಿ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

"ನಂದೇ. ಬುದ್ಧಿವಂತರು ಟಿಕೆಟ್ ಹೀಗೇ ತಗೊಳ್ಳೋದು ಮೇಡಂ. ಇಳಿದ ತಕ್ಷಣ ಇನ್ನೊಂದು ಹತ್ತೋದ್ರಲ್ಲಿ ಏನಿದೆ? ಇಡೀ ದಿನದ ಕನೆಕ್ಷನ್ ತಗೊಂಡ್ರೆ ನಡುವೆ ಒಂದು ಊರು ಪುಕ್ಕಟೆ. ದೊಡ್ಡ ಪೆಟ್ಟಿಗೆಗಳು ಸೀದಾ ಮುಂದಕ್ಕೆ ಹೋಗ್ತವೆ, ನಾವು ಕೈಬೀಸ್ಕೊಂಡು ತಿರುಗಾಡ್ಬಹುದು. ಗೋಪುರ, ಕಾರಂಜಿ, ಮ್ಯೂಸಿಯಂ ಎಲ್ಲಾ ಮುಗಿಸಿದ್ವಿ."

"ಮ್ಯೂಸಿಯಂ ಒಳಗೆ ಹೋಗಿದ್ರಾ?"

"ಹೊರಗಿಂದ ನೋಡಿದ್ವಿ. ಕಟ್ಟಡಾನೇ ಮುಖ್ಯ."

ಈ ಜಾತಿಯ ಜನರನ್ನು ಕಡ್ಡಿ ಅರೆದು ಕುಡಿದಿದ್ದಳು. ಬೆಳಿಗ್ಗೆ ಹೋಗುತ್ತಾರೆ, ಸಂಜೆ ಸುಟ್ಟ ಮೂಗು, ಬೊಬ್ಬೆ ಎದ್ದ ಹಿಮ್ಮಡಿ, ಫ್ರಿಜ್ಜಿಗೆ ಅಂಟಿಸುವ ಒಂದು ಆಯಸ್ಕಾಂತದ ಗೊಂಬೆ ಹೊತ್ತು ಬರುತ್ತಾರೆ. ಮಾತಾಡಿಸಿದ್ದು ಬಸ್ಸಿನ ಡ್ರೈವರನೊಬ್ಬನನ್ನು, ಅದೂ ಕಕ್ಕಸು ಎಲ್ಲಿದೆ ಎಂದು. ಆದರೂ ಮನೆಗೆ ಹೋದ ಮೇಲೆ, "ಆ ಊರಿನ ಜನ ತುಂಬಾ ಒಳ್ಳೆಯವರು" ಎಂದು ಜೀವಮಾನವಿಡೀ ಹೇಳಿಕೊಂಡು ತಿರುಗುತ್ತಾರೆ. ಊರಿಗೆ ಇವರು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

"ನಿನ್ನ ಯೋಚನೆ ಎಲ್ಲಿಂದ ಬಂತೋ," ಎಂದು ತಾಯಿ ನಡುವೆ ಬಾಯಿ ಹಾಕಿದಳು. "ಟಿಕೆಟ್ ಆರಿಸಿದ್ದು ಅವಳು. ಈ ಊರೇ ಆಗ್ಬೇಕು ಅಂತ ಹಟ ಹಿಡಿದಿದ್ದೂ ಅವಳೇ. ನೀನು ತಲೆ ಆಡಿಸ್ದೆ."

"ಒಪ್ಪಿದ್ದು ನಾನು ತಾನೆ!"

ಹೆಂಡತಿಯ ಬುದ್ಧಿಗೆ ತನ್ನ ಮೊಹರು ಒತ್ತಿಕೊಂಡು ಮೆರೆಯುವ ಗಂಡಸು. ಕಡ್ಡಿಗೆ ಅದರಲ್ಲೂ ಆಶ್ಚರ್ಯವಾಗಲಿಲ್ಲ. ಆದರೆ ಈ ಊರೇ ಆಗಬೇಕು ಎಂಬ ಮಾತು ಕಿವಿಯಲ್ಲಿ ಉಳಿಯಿತು.

"ಕೈಬೀಸ್ಕೊಂಡು ಹೋದ್ವಿ ಅಂದ್ರಲ್ಲ ನಿಮ್ಮ ಮಗ. ನಿಮ್ಮ ಸೊಸೆ ಏನನ್ನೂ ಹಿಡ್ಕೊಂಡಿರ್ಲಿಲ್ವಾ?"

"ಹಿಡ್ಕೊಂಡಿರ್ಲಿಲ್ವಾ ಅಂತೀರಾ! ಬೆನ್ನಿಗೊಂದು ಚೀಲ, ಕತ್ತೆ ಮೇಲೆ ಹೇರಿದ ಹಾಗೆ. ಅರ್ಧ ದಿನ ಸುತ್ತೋದಕ್ಕೆ ಮಗು ರಾತ್ರಿ ಹಾಕ್ಕೊಳ್ಳೋ ಬಟ್ಟೆ ಯಾಕಮ್ಮಾ, ಹೊದಿಕೆ ಯಾಕಮ್ಮಾ ಅಂತ ಕೇಳ್ದೆ. ನಕ್ಕು ಸುಮ್ನಾದ್ಳು. ಬುದ್ಧಿ ನೆಟ್ಟಗಿದ್ರೆ ತಾನೆ."

ಬುದ್ಧಿ ನೆಟ್ಟಗೇ ಇದೆ, ಎಂದುಕೊಂಡಳು ಕಡ್ಡಿ. ಸಂಜೆ ವಿಮಾನದಲ್ಲಿರಬೇಕಾದ ಮಗುವಿಗೆ ಈ ಊರಿನಲ್ಲೇ ರಾತ್ರಿ ಕಳೆಯುವ ಬಟ್ಟೆ. ದಾರಿ ತಪ್ಪಿದವಳು ಹೊದಿಕೆ ಕಟ್ಟಿಕೊಂಡು ದಾರಿ ತಪ್ಪುವುದಿಲ್ಲ. ಅವಳು ಬೆಳಿಗ್ಗೆಯೇ ನಿರ್ಧಾರ ಮಾಡಿ ಹೊರಟಿದ್ದಳು.

ಆದರೆ ಮಗುವನ್ನು ಯಾರ ಕೈಗೆ ಒಪ್ಪಿಸಲು? ಅತ್ತೆ ಇಲ್ಲೇ ಕುಳಿತಿದ್ದಾಳೆ, ಕೈ ಬರಿದಾಗಿದೆ.

ಬಾಗಿಲು ತಳ್ಳಿಕೊಂಡು ವಿಮಾನ ಕಂಪನಿಯ ಸ್ಟೇಷನ್ ಮ್ಯಾನೇಜರು ಒಳಗೆ ಬಂದ. ಅವನನ್ನು ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ವಿಮಾನ ಹೊತ್ತಿಗೆ ಸರಿಯಾಗಿ ಹೊರಟರೆ ಅವನಿಗೆ ಜಗತ್ತಿನ ಬೇರೆ ಸಂಕಟಗಳು ಕಾಣುತ್ತಿರಲಿಲ್ಲ.

"ಮೇಡಂ, ಗೇಟು ಮುಚ್ಚೋ ಹೊತ್ತಾಗ್ತಾ ಬಂತು. ಇವರು ಹೋಗ್ತಾರೋ ಇಲ್ವೋ? ಹೋಗಲ್ಲ ಅಂದ್ರೆ ವಿಮಾನದ ಹೊಟ್ಟೇಲಿರೋ ಇವರ ಪೆಟ್ಟಿಗೆಗಳನ್ನ ಹುಡುಕಿ ಇಳಿಸ್ಬೇಕು."

"ನಾವು ಹೋಗ್ತೀವಿ," ಎಂದು ಹಲ್ಲಿನ ಡಾಕ್ಟರ ಎದ್ದೇಬಿಟ್ಟ. "ನಾಳೆ ನನ್ನ ಭಾಷಣ ಇದೆ. ದೇಶ ದೇಶದ ಡಾಕ್ಟರುಗಳು ಬರ್ತಿದ್ದಾರೆ. ಇಲ್ಲಿ ಪೊಲೀಸರು ಹುಡುಕ್ತಾರಲ್ಲ, ನಾನು ಕೂತು ಮಾಡೋದೇನು?"

ಕಡ್ಡಿಗೆ ಮೈ ಉರಿದುಹೋಯಿತು. "ಬೀದಿ ನಾಯಿ ಕೂಡ ಮರಿ ಕಾಣದಿದ್ರೆ ಚರಂಡಿ ಚರಂಡಿ ಮೂಸಿ ನೋಡುತ್ತೆ ಡಾಕ್ಟ್ರೆ. ನೀವು ಭಾಷಣ ಅಂತೀರಿ. ಕೂತ್ಕೊಳ್ಳಿ."

ಅವನು ಕೂತ. ಅವನು ಜಗಳವಾಡಲಿಲ್ಲ ಎಂಬುದೂ ಅವಳಿಗೆ ವಿಚಿತ್ರವೆನಿಸಿತು. ಬಡಾಯಿ ಗಂಡಸರು ಇಂಥ ಮಾತಿಗೆ ಮೇಲಧಿಕಾರಿಯನ್ನು ಕರೆಸುತ್ತಾರೆ. ಇವನಿಗೆ ಮೇಲಧಿಕಾರಿ ಬೇಡ, ಪೊಲೀಸು ಬೇಡ, ಮಾತೇ ಬೇಡ. ಇಲ್ಲಿಂದ ಹಾರಿದರೆ ಸಾಕಾಗಿದೆ.

ಅವಳು ಅವನ ಫೋನು ತೆಗೆದುಕೊಂಡು ಇವತ್ತಿನ ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ಎಲ್ಲದರಲ್ಲೂ ಅವನದೇ ಮುಖ. ಪಾಪ, ಗೋಪುರಕ್ಕೆ ಸಿಕ್ಕಿದ್ದು ಅವನ ಕಿವಿಯ ಪಕ್ಕದ ಸಂದು. ಸೇತುವೆ ಅವನ ಮೂಗಿನಿಂದ ಶುರುವಾಗಿ ಮೂಗಿನಲ್ಲೇ ಮುಗಿದಿತ್ತು. ಹೆಂಡತಿ ಒಂದರಲ್ಲೂ ಇರಲಿಲ್ಲ.

ಕೊನೆಯದು ಕಾರಂಜಿಯ ಫೋಟೋ. ಜನಜಂಗುಳಿಯಲ್ಲಿ ಹೆಂಡತಿ, ಮಗು ಕಾಣೆಯಾದದ್ದೂ ಅಲ್ಲೇ.

"ಇದನ್ನ ತೆಗೆದದ್ದು ಯಾರು?"

"ಅವಳು," ಎಂದ ಅವನು ಬೇಸರದಿಂದ. "ಫೋಟೋ ತೆಗೆಯೋಕೂ ಬರಲ್ಲ ಅವಳಿಗೆ. ನೋಡಿ, ನಮ್ಮನ್ನ ಒಂದು ಮೂಲೆಗೆ ತಳ್ಳಿದ್ದಾಳೆ."

ನಿಜ. ಫೋಟೋ ಬಲಕ್ಕೆ ವಾಲಿತ್ತು. ಎಡಗಡೆಯ ಅಂಚಿನಲ್ಲಿ ಪುಟ್ಟಿ ನಿಂತಿದ್ದಳು, ಹಳದಿ ಫ್ರಾಕು, ಬಾಯಿತುಂಬ ನಗು. ಅವಳು ಯಾರದೋ ಕೈ ಹಿಡಿದಿದ್ದಳು. ಮೊಣಕೈಯವರೆಗೆ ಮಾತ್ರ ಕಾಣುವ ಕೈ. ಕೈಯ ಯಜಮಾನರು ಅಂಚಿನ ಆಚೆ.

ಕಡ್ಡಿ ಎರಡು ಬೆರಳಿಂದ ಫೋಟೋ ಹಿಗ್ಗಿಸಿದಳು. ಹೆಂಗಸಿನ ಕೈ. ಕಿರುಬೆರಳು ಮೊದಲ ಗೆಣ್ಣಿನ ಹತ್ತಿರ ಒಳಕ್ಕೆ ಬಾಗಿತ್ತು, ಕುಡುಗೋಲಿನ ತುದಿಯ ಹಾಗೆ.

ಆ ಬೆರಳನ್ನು ಅವಳು ನೋಡಿದ್ದಳು. ಇದೇ ಕೋಣೆಯಲ್ಲಿ, ಚಹಾದ ಲೋಟದ ಸುತ್ತ.

ಅವಳು ನಿಧಾನವಾಗಿ ತಲೆ ಎತ್ತಿದಳು. ತಾಯಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಊದಿ ಊದಿ ಕುಡಿಯುತ್ತಿದ್ದಳು. ಕಿರುಬೆರಳು ಒಳಕ್ಕೆ ಬಾಗಿತ್ತು.

"ನಿಮ್ಮ ಬೆರಳಿಗೆ ಏನಾಗಿದೆ?"

"ಏನಾಗ್ಬೇಕು? ಹುಟ್ಟಿಂದ ಹೀಗೇ. ನಮ್ಮಪ್ಪನಿಗಿತ್ತು, ನನಗಿದೆ, ನನ್ನ ಮಗನಿಗಿದೆ. ನಮ್ಮ ವಂಶದ ಗುರುತು," ಎಂದು ಆಕೆ ಬೆರಳನ್ನು ಒಡವೆಯ ಹಾಗೆ ಎತ್ತಿ ತೋರಿಸಿದಳು. "ಮೊಮ್ಮಗಳಿಗೆ ಬಂದಿಲ್ಲ. ಅವಳು ಎಲ್ಲಾ ಅವಳಮ್ಮನ ಕಡೆ."

ಕಡ್ಡಿ ಎದ್ದು ನಿಂತಳು. "ಹಾಗಾದ್ರೆ ಸುಳ್ಳು ಸಾಕು. ಕಾರಂಜಿ ಹತ್ರ ಮಗು ಕೈ ಹಿಡಿದಿದ್ದು ನೀವೇ. ಸೊಸೆ ಹೇಳಿದ್ದು ನಿಜ. ಎಲ್ಲಿ ಬಿಟ್ರಿ ಮಗೂನ?"

"ಥೂ, ನಾಲಿಗೆಗೆ ಮೂಳೆ ಇಲ್ಲ ಅಂತ ಏನೇನೋ ಆಡ್ಬೇಡಿ!" ಲೋಟ ಮೇಜಿಗೆ ಕುಟ್ಟಿತು. "ಕಾರಂಜಿ ಹತ್ರ ನಾನು ಮಗನ ಪಕ್ಕ ನಿಂತಿದ್ದೆ. ಎರಡು ಕೈಲೂ ಬ್ಯಾಗು. ಫೋಟೋದಲ್ಲೇ ಇದ್ದೀನಲ್ಲ, ಕಣ್ಣು ಕಾಣ್ಸಲ್ವಾ ನಿಮಗೆ?"

ಕಡ್ಡಿ ಮತ್ತೆ ನೋಡಿದಳು. ಬಲಗಡೆ ಮಗ, ಮಗನ ಪಕ್ಕದಲ್ಲಿ ತಾಯಿ, ಎರಡು ಕೈಯಲ್ಲಿ ಎರಡು ಬ್ಯಾಗು, ಬಿಸಿಲಿಗೆ ಕಿರಿದಾದ ಕಣ್ಣು. ಒಬ್ಬ ಹೆಂಗಸಿಗೆ ಮೂರು ಕೈ ಇರುವುದಿಲ್ಲ ಎಂಬಷ್ಟು ಲೆಕ್ಕವೂ ತನಗೆ ತಿಳಿಯದೆ ಹೋಯಿತೇ ಎಂದು ಅವಳಿಗೆ ನಾಚಿಕೆಯಾಯಿತು. ಊರವರನ್ನೆಲ್ಲ ದಡ್ಡರು ಎನ್ನುವವಳು ಈಗ ಅವರ ಸಾಲಿನಲ್ಲೇ ನಿಂತಿದ್ದಳು.

"ಯಾವ ಕೈ?" ಎಂದ ಹಲ್ಲಿನ ಡಾಕ್ಟರ.

ಅವನ ದನಿ ಬದಲಾಗಿತ್ತು. ಕಡ್ಡಿ ಉತ್ತರಿಸುವ ಮೊದಲೇ ಅವನು ಫೋನು ಕಿತ್ತುಕೊಂಡು ನೋಡಿದ. ನೋಡಿದವನ ಮುಖದಿಂದ ನೆತ್ತರು ಬಸಿದುಹೋಯಿತು. ಮರುಕ್ಷಣ ಹೆಬ್ಬೆರಳು ಪರದೆಯ ಕೆಳಗಿದ್ದ ಕಸದಬುಟ್ಟಿಯ ಚಿತ್ರದತ್ತ ಜಾರಿತು.

ಕಡ್ಡಿ ಅವನ ಮಣಿಕಟ್ಟು ಹಿಡಿದಳು. ಕಡ್ಡಿಯಂಥ ಕೈ, ಆದರೆ ಸೂಟ್‌ಕೇಸು ಎತ್ತಿ ಎತ್ತಿ ಗಟ್ಟಿಯಾದದ್ದು.

"ಅಳಿಸೋದು ಯಾಕೆ?"

"ಯಾರೋ ದಾರಿಹೋಕರು... ಫೋಟೋ ಚೆನ್ನಾಗಿಲ್ಲ."

"ಕಳೆದುಹೋದ ಮಗಳ ಕೊನೆಯ ಫೋಟೋ ಚೆನ್ನಾಗಿಲ್ಲ ಅಂತ ಅಳಿಸ್ತೀರಾ?"

ಅವನು ಕೈ ಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನು ಹೆಗಲಷ್ಟೇ ಅಲ್ಲ, ಬೆನ್ನನ್ನೂ ಒರೆಸಿಕೊಳ್ಳುವುದರಲ್ಲಿದ್ದ. ಕಡ್ಡಿ ಫೋನನ್ನು ತನ್ನ ಕೋಟಿನ ಜೇಬಿಗೆ ಇಳಿಸಿದಳು.

"ಅತ್ತೆಯಂತೆ ಅತ್ತೆ," ಎಂದು ತಾಯಿ ಇನ್ನೂ ಗೊಣಗುತ್ತಿದ್ದಳು. "ಅವಳು ಆ ಮಾತಲ್ಲಿ ನನ್ನನ್ನ ಹೇಳಿಯೇ ಇಲ್ಲ. ನನ್ನನ್ನ ಅವಳು ಒಂದಿನಾನೂ ಅತ್ತೆ ಅಂತ ಕರೆದವಳಲ್ಲ. ಬಂದ ದಿನವೇ ಹೇಳಿದ್ದೆ, ಅಮ್ಮ ಅಂತ ಕರಿ, ನಾಲ್ಕು ಜನ ಕೇಳಿದ್ರೆ ಚೆನ್ನಾಗಿರುತ್ತೆ ಅಂತ. ಬಾಯಿಪಾಠ ಮಾಡಿಸಿದ್ದೆ."

"ಇದನ್ನ ಮೊದಲೇ ಹೇಳ್ಬಾರ್ದಿತ್ತಾ?"

"ನೀವು ಕೇಳಿದ್ದು ನನ್ನ ಮಗನನ್ನ. ನನ್ನನ್ನ ಯಾರು ಕೇಳಿದ್ರು?"

ಪ್ರೀತಿಯಿಂದಲ್ಲ, ನಾಲ್ಕು ಜನ ಕೇಳಲಿ ಎಂದು ಕಲಿಸಿದ ಅಮ್ಮ ಎಂಬ ಮಾತು. ಆ ಜಂಭವೇ ಈಗ ಆಕೆಯನ್ನು ಉಳಿಸಿತ್ತು. ಹಾಗಾದರೆ ಅತ್ತೆ ಯಾರು? ಸೊಸೆಯ ತಂದೆಗೆ ಅಕ್ಕತಂಗಿಯರಿದ್ದಾರಾ ಎಂದು ಕಡ್ಡಿ ಕೇಳಿದಳು. ಇಲ್ಲ. ಸೋದರಮಾವನ ಹೆಂಡತಿ? ಸೋದರಮಾವನೇ ಇಲ್ಲ.

ಆಗ ಗಡಿಯಾರದ ಫೋನು ಬಡಿದುಕೊಂಡಿತು. ಅವನು ಗೋಡೆಯ ಕಡೆ ತಿರುಗಿ ಮೆತ್ತಗೆ ಮಾತಾಡಿದ.

"ಹ್ಞೂಂ, ತಡ ಆಗುತ್ತೆ. ಅಜ್ಜಿ ಊಟ ಮಾಡಿದ್ರಾ? ಮಾತ್ರೆ ತಗೊಂಡ್ರಾ? ಸರಿ, ಇಡು."

ಕಡ್ಡಿ ತಿರುಗಿ ನೋಡಿದಳು. "ನಿಮ್ಮಜ್ಜಿ ಇನ್ನೂ ಇದ್ದಾರೇನ್ರೀ?"

"ಅಯ್ಯೋ, ಎಲ್ಲಿ ಮೇಡಂ. ನಮ್ಮಮ್ಮನಿಗೆ ಅಂದಿದ್ದು. ಮಗ ಹುಟ್ಟಿದ ಮೇಲೆ ಅವನ ಬಾಯಲ್ಲಿ ಬಂದ ಹಾಗೇ ನಮ್ಮ ಬಾಯಲ್ಲೂ ಬಂದ್ಬಿಡ್ತು. ಅಮ್ಮ ಹೋಗಿ ಅಜ್ಜಿ ಆದ್ರು. ಎಲ್ಲರ ಮನೇಲೂ ಇದೇ ಕತೆ ತಾನೆ."

ಕಡ್ಡಿ ನಿಂತಲ್ಲೇ ನಿಂತಳು.

ಎಲ್ಲರ ಮನೆಯಲ್ಲೂ ಇದೇ ಕತೆ. ಅವಳ ಮನೆಯಲ್ಲೂ. ಸ್ವಂತ ತಮ್ಮನನ್ನು ಅವಳು ಮಾವ ಎನ್ನುತ್ತಿದ್ದಳು. ಮಾವ ಬಂದ, ಬಾಗಿಲು ತೆಗಿ. ಮಾವನಿಗೆ ನೀರು ಕೊಡು. ಮಗಳು ಬೆಳೆದು ಬೇರೆ ಮನೆ ಮಾಡಿದರೂ ನಾಲಿಗೆಗೆ ಅದೇ ರೂಢಿ. ಮನೆಯಲ್ಲೊಂದು ಕೂಸಿದ್ದರೆ ಇಡೀ ಮನೆ ಅದರ ಬಾಯಿಂದಲೇ ಮಾತಾಡುತ್ತದೆ.

ಪುಟ್ಟಿ ಅತ್ತೆ ಹತ್ರ ಇದ್ದಾಳೆ. ಅದು ಸೊಸೆಯ ಅತ್ತೆಯಲ್ಲ. ಪುಟ್ಟಿಯ ಅತ್ತೆ.

ಪುಟ್ಟಿಯ ಅಪ್ಪನ ಒಡಹುಟ್ಟಿದವಳು.

ಮಗು ಯಾರೋ ಹೊರಗಿನವರ ಕೈಯಲ್ಲಿಲ್ಲ, ತನ್ನ ನೆತ್ತರಿನವಳ ಕೈ ಹಿಡಿದು ನಕ್ಕಿದೆ. ಆದರೆ ಆ ಸಮಾಧಾನದ ಹಿಂದೆಯೇ ಸಿಟ್ಟು ಏರಿ ಬಂತು. ಈ ಗಂಡಸಿಗೆ ಆ ಮಾತು ಮೊದಲ ಸಲವೇ ಅರ್ಥವಾಗಿತ್ತು. ಹೆಂಡತಿ ಅದನ್ನು ಕಳಿಸಿದ್ದೂ ಅವನಿಗೆ ಅರ್ಥವಾಗಲಿ ಎಂದೇ. ಅರ್ಥವಾದವನು ಏನು ಮಾಡಿದ? ಪೊಲೀಸರ ಮುಂದೆ ಹೆತ್ತ ತಾಯಿಯತ್ತ ಗಲ್ಲ ಎತ್ತಿ ತೋರಿಸಿದ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸುತ್ತದಂತೆ. ಆ ಕೋತಿಗಾದರೂ ಮೇಕೆ ಹೆತ್ತಮ್ಮನಾಗಿರಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು ತಾಯಿಯ ಎದುರು ಕುಳಿತಳು. ಅವನ ಕಡೆ ಬೆನ್ನು ಹಾಕಿಯೇ ಕುಳಿತಳು.

"ನಿಮಗೆ ಎಷ್ಟು ಮಕ್ಕಳು?"

"ಅಮ್ಮನನ್ನ ಯಾಕೆ ಕೆದಕ್ತೀರಿ?" ಎಂದು ಹಿಂದಿನಿಂದ ದನಿ ಬಂತು. "ಅವರಿಗೆ ಬಿ.ಪಿ. ಇದೆ. ನಾವು ಹೊರಡ್ಬೇಕು. ಅಮ್ಮಾ, ಏಳು."

"ಎಷ್ಟು ಮಕ್ಕಳು?"

ತಾಯಿ ಮೊದಲ ಬಾರಿಗೆ ತಡವರಿಸಿದಳು. ಬಾಯಲ್ಲಿ ಸದಾ ಸಿದ್ಧವಾಗಿರುತ್ತಿದ್ದ ಖಾರ ಈಗ ಇರಲಿಲ್ಲ. ಬಾಗಿದ ಕಿರುಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು.

"ಇಬ್ರು. ಅಲ್ಲ, ಒಬ್ನೇ. ಒಬ್ಳು ಮಗಳು ಇದ್ಳು, ಇವನಿಗಿಂತ ಚಿಕ್ಕವಳು. ಕೆಲಸ ಅಂತ ದೂರದ ಊರಿಗೆ ಹೋದ್ಳು. ಅಲ್ಲಿ ಜ್ವರ ಬಂದು ಹೋಗ್ಬಿಟ್ಳು. ಆರು ವರ್ಷ ಆಯ್ತು."

"ನೀವು ನೋಡಿದ್ರಾ?"

"ಹೇಗೆ ನೋಡ್ಲಿ? ನನಗೆ ಆಗ ಕಾಲು ಮುರಿದಿತ್ತು. ಇವನೇ ಒಬ್ಬನೇ ಹೋಗಿ ಎಲ್ಲಾ ಮುಗಿಸಿ ಬಂದ. ಅಣ್ಣ ಅನ್ನಿಸ್ಕೊಂಡ." ಆಕೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. "ಹೋಗೋ ಮುಂಚೆ ನಾನೂ ಅವಳೂ ಜಗಳ ಆಡಿದ್ವಿ. ಮತ್ತೆ ಮುಖ ತೋರಿಸ್ಬೇಡ ಅಂದಿದ್ದೆ. ತೋರಿಸ್ಲಿಲ್ಲ."

"ಮೇಡಂ, ಗೇಟು," ಎಂದ ಗಡಿಯಾರ, ಆದರೆ ಅವನ ದನಿಯೂ ಇಳಿದಿತ್ತು.

"ಮುಚ್ಚಿಸಿ. ಪೆಟ್ಟಿಗೆ ಇಳಿಸಿ," ಎಂದಳು ಕಡ್ಡಿ. "ಹಾಗೇ ಬಾಗಿಲಿಗೆ ಒಬ್ಬ ಪೊಲೀಸನ್ನ ನಿಲ್ಲಿಸಿ."

ಹಲ್ಲಿನ ಡಾಕ್ಟರ ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟವನು ಅಲ್ಲೇ ನಿಂತ. ಗಡಿಯಾರ ತನ್ನ ಬದುಕಿನಲ್ಲಿ ಮೊದಲ ಸಲ ಗೋಡೆಯ ಗಂಟೆ ನೋಡದೆ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ.

ಕಡ್ಡಿ ಕೋಟಿನ ಜೇಬಿನಿಂದ ಫೋನು ತೆಗೆದಳು. ಕಾರಂಜಿಯ ಫೋಟೋವನ್ನು ಎಡ ಅಂಚಿಗೆ ಸರಿಸಿ, ಹಿಗ್ಗಿಸಿ, ತಾಯಿಯ ಮಡಿಲಲ್ಲಿಟ್ಟಳು. ಆಕೆಗೆ ಹೀಗೆ ತೋರಿಸಲು ಅವಳಿಗೂ ಮನಸ್ಸಿರಲಿಲ್ಲ. ಬೇರೆ ದಾರಿಯೂ ಇರಲಿಲ್ಲ.

"ಇದು ಇವತ್ತು ಮಧ್ಯಾಹ್ನದ್ದು," ಎಂದಳು.

ತಾಯಿ ಮೊದಲು ಮೊಮ್ಮಗಳನ್ನು ನೋಡಿದಳು. ಆಮೇಲೆ ಮೊಮ್ಮಗಳು ಹಿಡಿದಿದ್ದ ಕೈಯನ್ನು. ಆ ಬಾಗಿದ ಬೆರಳಿನ ಮೇಲೆ ತನ್ನ ಬಾಗಿದ ಬೆರಳನ್ನಿಟ್ಟಳು. ಬೆರಳು ತಾಗಿ ಫೋಟೋ ಸರಿದುಹೋಯಿತು, ಆಕೆ ಮತ್ತೆ ಹುಡುಕಿ ಹಿಂದಕ್ಕೆ ತಂದುಕೊಂಡಳು.

ಹೊರಗೆ ಧ್ವನಿವರ್ಧಕದಲ್ಲಿ ಅವರ ವಿಮಾನದ ಗೇಟು ಮುಚ್ಚಿತೆಂಬ ಪ್ರಕಟಣೆ ಬಂತು.

"ಅಮ್ಮಾ, ಅದು ಯಾರೋ..." ಎಂದ ಮಗ.

ಆಕೆ ತಲೆ ಎತ್ತಿದಳು. ಆ ಕಣ್ಣಿನಲ್ಲಿ ಬೈಗುಳ ಇರಲಿಲ್ಲ, ನೀರೂ ಇರಲಿಲ್ಲ. ಬಹಳ ಸಣ್ಣ ದನಿಯಲ್ಲಿ, ಮಗನ ಹತ್ತಿರ ಗೊತ್ತಿಲ್ಲದ ದಾರಿ ಕೇಳುವವಳ ಹಾಗೆ ಕೇಳಿದಳು.

"ಹಾಗಾದ್ರೆ ಅವತ್ತು ಮಡಕೇಲಿ ತಂದು ನನ್ನ ಕೈಗೆ ಕೊಟ್ಟೆಯಲ್ಲ ಮಗನೇ, ಆ ಬೂದಿ ಯಾರದ್ದು?"